ಮಗಳು ಮತ್ತೆ ಆಡಿದ ಶನಿವಾರ

ಗುರುವಾರ ಸಂಜೆ ಐದು ಗಂಟೆಗೆ ಟೀಮ್ ಲಿಸ್ಟ್ ಹಾಕುತ್ತಾರೆ ಎಂದು ಮಗಳು ಹೇಳಿದ್ದಳು. ನಾನು ನಾಲ್ಕು ಗಂಟೆಯಿಂದಲೇ ಫೋನ್ ನೋಡಲು ಶುರು ಮಾಡಿದ್ದೆ. ಆ ದಿನ ನನಗೆ ಮನೆಯಿಂದಲೇ ಕೆಲಸ. ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಯ ಮಹಡಿಯ ಚಿಕ್ಕ ರೂಮಿನಲ್ಲಿ ಕೂತಿದ್ದೆ. ಕಂಪ್ಯೂಟರಿನಲ್ಲಿ ಮೀಟಿಂಗ್ ನಡೆಯುತ್ತಿತ್ತು, ಯಾರೋ ಟೆಸ್ಟಿಂಗ್ ಯಾಕೆ ತಡವಾಯಿತು ಎಂದು ಕೇಳುತ್ತಿದ್ದರು. ಉತ್ತರ ಹೇಳಬೇಕಾದವಳು ನಾನೇ. ಆದರೆ ನನ್ನ ಹೆಬ್ಬೆರಳು ಮೆಲ್ಬರ್ನಿನಲ್ಲಿ ಮಗಳು ಓದುವ ಯೂನಿವರ್ಸಿಟಿಯ ಹುಡುಗಿಯರ ಫುಟ್‌ಬಾಲ್ ಕ್ಲಬ್ಬಿನ ಪೇಜನ್ನು ಮತ್ತೆ ಮತ್ತೆ ಕೆಳಗೆಳೆಯುತ್ತಿತ್ತು.

ಐದು ದಾಟಿ ಏಳೆಂಟು ನಿಮಿಷಕ್ಕೆ ಲಿಸ್ಟ್ ಬಂತು. ಮೊದಲ ಹದಿನೆಂಟು ಹೆಸರುಗಳಲ್ಲಿ ಅವಳಿರಲಿಲ್ಲ. ಕೆಳಗೆ ಬೆಂಚಿನವರ ಸಾಲಿನಲ್ಲಿ, ಕೊನೆಯವಳಾಗಿ ಇದ್ದಳು. ನಮ್ಮ ಹೆಸರುಗಳನ್ನು ಇಲ್ಲಿಯವರು ಬರೆಯುವಾಗ ಒಂದಾದರೂ ಅಕ್ಷರ ತಪ್ಪುತ್ತದೆ. ಆವತ್ತು ಅದೂ ಸರಿಯಾಗಿತ್ತು.

ಮೀಟಿಂಗ್ ಮ್ಯೂಟ್ ಮಾಡಿ ಮೆಟ್ಟಿಲ ಹತ್ತಿರ ಬಂದೆ. ಕೆಳಗೆ ನನ್ನ ಗಂಡ ಬಟ್ಟೆ ಮಡಿಸುತ್ತಿದ್ದರು.

"ಹಾಕಿದಾರೆ ರೀ," ಅಂದೆ.

"ಆಡೋಕಾ, ಬೆಂಚಿಗಾ?"

"ಬೆಂಚಿಗೆ. ಆದ್ರೆ ಬೆಂಚಿನವರೂ ಆಡ್ತಾರೆ. ಬದಲಾಯಿಸ್ತಾ ಇರ್ತಾರೆ."

ಅವರು ಕೈಯಲ್ಲಿದ್ದ ಟವೆಲನ್ನು ಮಡಿಸಿ ಪಕ್ಕಕ್ಕಿಟ್ಟರು. "ಒಂದು ವರ್ಷ ಆಯ್ತಲ್ವಾ," ಅಂದರು.

ಮತ್ತೆ ರೂಮಿಗೆ ಬಂದು ನಾನು ಮಾಡಿದ ಮೊದಲ ಕೆಲಸ ಎದುರಾಳಿ ಯೂನಿವರ್ಸಿಟಿಯ ಲಿಸ್ಟ್ ತೆಗೆದು ನೋಡಿದ್ದು. ಅಲ್ಲಿ ಹಿಂದಿನ ಸಾಲಿನ ರಕ್ಷಣೆಯ ಆಟಗಾರರಲ್ಲಿ ಇನ್ನೊಂದು ಕನ್ನಡದ ಹೆಸರಿತ್ತು. ಅದು ನನ್ನ ಅಕ್ಕನ ಮಗಳದ್ದು.

ಈ ಎರಡು ಯೂನಿವರ್ಸಿಟಿಗಳಿಗೆ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಒಂದು ಪಂದ್ಯ ಇರುತ್ತದೆ. ಉಳಿದ ಪಂದ್ಯಗಳಲ್ಲಿ ಗೆದ್ದರೆಷ್ಟು, ಸೋತರೆಷ್ಟು. ಈ ಒಂದರಲ್ಲಿ ಸೋತರೆ ಮುಂದಿನ ವರ್ಷದವರೆಗೂ ತಲೆ ತಗ್ಗಿಸಿಕೊಂಡು ಓಡಾಡಬೇಕು ಎಂದು ಮಗಳು ಹೇಳುತ್ತಿದ್ದಳು. ಆಡುವುದು ಇಲ್ಲಿನವರು ಫೂಟಿ ಎನ್ನುವ ಆಟ. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ, ಕೈಯಲ್ಲೂ ಹಿಡಿಯಬಹುದು ಕಾಲಲ್ಲೂ ಒದೆಯಬಹುದು, ಚೆಂಡು ಹಿಡಿದವರನ್ನು ತಬ್ಬಿ ಕೆಡವಬಹುದು, ಅದಕ್ಕೆ ಟ್ಯಾಕಲ್ ಎನ್ನುತ್ತಾರೆ. ಸಿಡ್ನಿಯಲ್ಲಿ ನಮ್ಮ ಬೀದಿಯವರೆಲ್ಲ ನೋಡುವುದು ಬೇರೆ ಫುಟ್‌ಬಾಲು. ಮಗಳಿಗೆ ಈ ಹುಚ್ಚು ಹತ್ತಿದ್ದು ಮೆಲ್ಬರ್ನಿನಲ್ಲಿ, ವಿಂಡಮ್ ವೇಲ್‌ನ ದೊಡ್ಡಮ್ಮನ ಮನೆಯಲ್ಲಿ. ಶಾಲೆಗೆ ರಜ ಬಂತೆಂದರೆ ಅವಳನ್ನು ಅಲ್ಲಿಗೆ ಕಳಿಸುತ್ತಿದ್ದೆವು. ಇನ್ನೂ ಅರ್ಧ ಮನೆಗಳು ಏಳದಿದ್ದ ಹೊಸ ಬಡಾವಣೆಯ ಖಾಲಿ ರಸ್ತೆಯಲ್ಲಿ ಅಕ್ಕನ ಮಗಳೂ ಇವಳೂ ಬೆಳಗಿನಿಂದ ಸಂಜೆವರೆಗೆ ಆ ಚೆಂಡನ್ನು ಒದ್ದುಕೊಂಡಿರುತ್ತಿದ್ದರು. ಇಬ್ಬರಿಗೂ ನಾಲ್ಕು ತಿಂಗಳ ಅಂತರ. ಓದಲು ಮೆಲ್ಬರ್ನಿಗೇ ಹೋಗುತ್ತೇನೆ ಎಂದು ಮಗಳು ಹಟ ಹಿಡಿದಾಗ ಅಕ್ಕ ಇದ್ದಾಳಲ್ಲ ಎಂಬ ಧೈರ್ಯದಿಂದಲೇ ನಾನು ಒಪ್ಪಿದ್ದು. ಬೇರೆ ಬೇರೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಹಾಗಾಗಿ ಬೇರೆ ಬೇರೆ ಟೀಮು.

ಹಿಂದಿನ ವರ್ಷ ಇದೇ ಪಂದ್ಯದಲ್ಲಿ, ಮಗಳು ಚೆಂಡು ಹಿಡಿದು ಓಡುವಾಗ ಅಕ್ಕನ ಮಗಳು ಪಕ್ಕದಿಂದ ಬಂದು ಅವಳನ್ನು ತಬ್ಬಿ ಕೆಡವಿದಳು. ಬೀಳುವಾಗ ಮಗಳ ಪಾದ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಮಂಡಿಯೊಳಗಿನ ಲಿಗಮೆಂಟ್ ಹರಿದುಹೋಯಿತು.

ನಾನು ಅಲ್ಲಿರಲಿಲ್ಲ. ಅವಳ ಗೆಳತಿಯೊಬ್ಬಳು ಫೋನಿನಲ್ಲಿ ಹಿಡಿದ ವಿಡಿಯೊ ಆ ಸಂಜೆಯೇ ನನಗೆ ಬಂತು. ಹನ್ನೊಂದು ಸೆಕೆಂಡಿನ ವಿಡಿಯೊ. ಅದನ್ನು ಎಷ್ಟು ಸಲ ನೋಡಿದೆನೋ. ನೋಡುತ್ತ ನೋಡುತ್ತ ನನಗೆ ಅಕ್ಕನ ಮಗಳ ಕೈಗಳು ಬೇರೆಯಾಗಿ ಕಾಣತೊಡಗಿದವು. ಚೆಂಡು ಆಗಲೇ ಮಗಳ ಕೈಬಿಟ್ಟುಹೋಗಿತ್ತಲ್ಲ, ಮತ್ತೆ ಯಾಕೆ ಹಿಡಿದಳು ಅನ್ನಿಸಿತು. ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ, "ನೀನು ಗಾಬರಿಯಾಗ್ಬೇಡ. ನಾವು ಆಸ್ಪತ್ರೆಗೆ ಹೋಗಿ ನೋಡ್ಕೊಂಡು ಮನೆಗೆ ಬಂದ್ವಿ," ಎಂದು ಶುರು ಮಾಡಿದಳು.

ನಾನು ಕೇಳಿಸಿಕೊಳ್ಳಲಿಲ್ಲ. "ನಿನ್ನ ಮಗಳು ಬೇಕಂತಲೇ ಬೀಳಿಸಿದಾಳೆ. ವಿಡಿಯೊ ಇದೆ ನನ್ಹತ್ರ, ಕಳಿಸ್ಲಾ?" ಅಂದೆ.

ಅಕ್ಕ "ಸರಿ" ಎಂದು ಫೋನಿಟ್ಟಳು.

ಅಷ್ಟೇ. ಜಗಳ ಎನ್ನುವಂಥದ್ದು ಏನೂ ಆಗಲಿಲ್ಲ. ಆದರೆ ಆ "ಸರಿ" ಆದ ಮೇಲೆ ನಾವಿಬ್ಬರೂ ಮಾತಾಡಲಿಲ್ಲ. ಹಬ್ಬಗಳಿಗೆ ಗಂಡಂದಿರು ಮೆಸೇಜ್ ಮಾಡಿಕೊಂಡರು. ನಾನು ಮೊದಲ ಸಲ ಈ ದೇಶಕ್ಕೆ ಬಂದಿಳಿದಾಗ ಮೆಲ್ಬರ್ನಿನ ಡ್ಯಾಂಡಿನಾಂಗ್‌ನ ಒಂದೇ ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ತನ್ನ ಮಂಚ ನನಗೆ ಬಿಟ್ಟುಕೊಟ್ಟು ಎರಡು ತಿಂಗಳು ಹಾಲ್‌ನಲ್ಲಿ ಮಲಗಿದ್ದ ಅಕ್ಕ ಅವಳು. ಅದು ನನಗೆ ಮರೆತುಹೋಗಿರಲಿಲ್ಲ. ನೆನಪಾದಷ್ಟೂ ಫೋನ್ ಮಾಡುವುದು ಕಷ್ಟವಾಗುತ್ತ ಹೋಯಿತು.

ವಿಚಿತ್ರವೆಂದರೆ ಹುಡುಗಿಯರಿಬ್ಬರೂ ಒಂದು ವಾರವೂ ಮುನಿಸಿಕೊಂಡಿರಲಿಲ್ಲ. ಆಪರೇಷನ್ ಆದ ಮೇಲೆ ಮಗಳು ಒಂದು ಸೆಮಿಸ್ಟರ್ ಬಿಟ್ಟು ಸಿಡ್ನಿಗೆ ಬಂದಳು. ಸೋಫಾದ ಮೇಲೆ ಕಾಲು ಚಾಚಿಕೊಂಡು ದಿನಾ ಗಂಟೆಗಟ್ಟಲೆ ಅಕ್ಕನ ಮಗಳ ಜೊತೆ ವಿಡಿಯೊ ಕಾಲ್ ಮಾಡುತ್ತಿದ್ದಳು. ನಾನು ಹತ್ತಿರ ಹೋದರೆ ಆ ಕಡೆಯಿಂದ ಸದ್ದು ನಿಲ್ಲುತ್ತಿತ್ತು. ಅದನ್ನು ನಾನು ಗಮನಿಸಿದ್ದೆ. ಅದಕ್ಕೆ ಕಾರಣ ಏನೆಂದು ಮಾತ್ರ ಯೋಚಿಸಲಿಲ್ಲ.

ಆ ತಿಂಗಳುಗಳಲ್ಲೇ ನನಗೆ ಈ ಆಟ ಅಂಟಿಕೊಂಡಿದ್ದು. ಅವಳು ಟಿವಿಯಲ್ಲಿ ಸದಾ ಅದನ್ನೇ ಹಾಕಿರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದೆ. ಮೊದಮೊದಲು ಯಾರಾದರೂ ಬಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ, "ಅದ್ಯಾಕೆ ನಾಲ್ಕು ಕಂಬ ನೆಟ್ಟಿದಾರೆ?" ಎಂದು ಕೇಳಿದೆ. ನಡುವಿನ ಎತ್ತರದ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟು, ಅಕ್ಕಪಕ್ಕದ ಗಿಡ್ಡ ಕಂಬಗಳ ಕಡೆ ಹೋದರೆ ಒಂದೇ ಒಂದು ಎಂದು ಅವಳು ಹೇಳಿದಳು. "ಅಂದ್ರೆ ಗುರಿ ತಪ್ಪಿದ್ರೂ ಒಂದು ಕೊಡ್ತಾರೆ?" ಅಂದೆ. ಅವಳು ನಗುತ್ತ, "ಯೆಸ್ ಅಮ್ಮ, ವೆರಿ ಕೈಂಡ್ ಗೇಮ್," ಅಂದಳು. ಆಪರೇಷನ್ ಆದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮತ್ತೆ ನಗಿಸಲೆಂದು ಇನ್ನಷ್ಟು ಪ್ರಶ್ನೆ ಕೇಳಿದೆ. ಕೇಳುತ್ತ ಕೇಳುತ್ತ ನನಗೇ ಆಟ ಅರ್ಥವಾಗತೊಡಗಿತು. ಅವಳು ಮೆಲ್ಬರ್ನಿಗೆ ವಾಪಸ್ ಹೋದ ಮೇಲೂ ಶನಿವಾರ ಟಿವಿ ಹಾಕಿಕೊಂಡು ನಾನೊಬ್ಬಳೇ ಕೂರುತ್ತಿದ್ದೆ.

ತುಮಕೂರಿನಲ್ಲಿ ಹೈಸ್ಕೂಲಿನಲ್ಲಿದ್ದಾಗ ನಾನೂ ಖೋ ಖೋ ಆಡುತ್ತಿದ್ದೆ. ಸ್ಟೇಷನ್ನಿನ ಆಚೆಗಿದ್ದ ಇನ್ನೊಂದು ಶಾಲೆಯ ಮೇಲೆ ನಮಗೆ ಹಗೆ. ಅವರ ಜೊತೆ ಪಂದ್ಯವಿದ್ದ ದಿನ ಅಕ್ಕ ತನ್ನ ಕಾಲೇಜು ತಪ್ಪಿಸಿ ಬಂದು, ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಗೆರೆಯ ಪಕ್ಕ ನಿಲ್ಲುತ್ತಿದ್ದಳು. ಅವಳಿಗೆ ಆಟದ ತಲೆಬುಡ ಗೊತ್ತಿರಲಿಲ್ಲ. ನಾನು ಓಡಿದಾಗಲೂ "ಕೂತ್ಕೊ, ಕೂತ್ಕೊ" ಎಂದು ಕೂಗುತ್ತಿದ್ದಳು. ನೋಡಲು ಬಂದವರಿಗೆ ಎಷ್ಟು ಹೆದರಿಕೆಯಿರುತ್ತದೆ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಆಡುವವರಿಗೆ ಅದು ಗೊತ್ತಾಗುವುದೂ ಇಲ್ಲ.

ಗುರುವಾರ ರಾತ್ರಿಯೇ ಶುಕ್ರವಾರ ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿದೆ. ಮೈದಾನದ ಹತ್ತಿರವೇ ಒಂದು ರೂಮನ್ನೂ ಬುಕ್ ಮಾಡಿದೆ. ಮೆಲ್ಬರ್ನಿನಲ್ಲಿ ನಾನು ರೂಮ್ ಹುಡುಕಿದ್ದು ಅದೇ ಮೊದಲ ಸಲ. ಮಗಳಿಗೆ ಫೋನ್ ಮಾಡಿ ಬರುತ್ತೇನೆಂದು ಹೇಳಿದಾಗ ಅವಳು ಬೇಡ ಎನ್ನಲಿಲ್ಲ.

"ಆದ್ರೆ ಅಮ್ಮ, ಮುಖ ಹಾಗೆ ಮಾಡ್ಕೊಂಡು ನಿಂತ್ಕೋಬೇಡ. ನಾನು ನೋಡಿದ್ರೆ ನಂಗೆ ಭಯ ಆಗುತ್ತೆ."

"ಹೆಂಗೆ ಮಾಡ್ಕೊಂಡು?"

"ಈಗ ಮಾಡ್ಕೊಂಡಿದೀಯಲ್ಲ, ಹಾಗೆ."

ಅದು ವಿಡಿಯೊ ಕಾಲ್ ಆಗಿರಲಿಲ್ಲ.

ವಿಮಾನದಲ್ಲಿ ಕೂತಾಗ ಏನೇನೋ ಆಸೆಗಳು ಬಂದವು. ಬೆಂಚಿನಿಂದ ಎದ್ದು ಬಂದು ಕೊನೆಯ ಗೋಲು ಅವಳೇ ಹೊಡೆದ ಹಾಗೆ, ಗೆಳತಿಯರೆಲ್ಲ ಅವಳನ್ನು ಎತ್ತಿಕೊಂಡ ಹಾಗೆ. ಎತ್ತಿಕೊಂಡವರು ಕೆಳಗೆ ಬೀಳಿಸಿದರೆ ಎಂದು ಮರುಕ್ಷಣವೇ ಅನ್ನಿಸಿತು. ಆ ಮಂಡಿ ಇನ್ನೊಂದು ಸಲ ಹರಿದರೆ ಆಟ ಮುಗಿದಂತೆ ಎಂದು ಫಿಸಿಯೋ ಅವಳಿಗೆ ಹೇಳಿದ್ದು ನನಗೂ ಗೊತ್ತಿತ್ತು. ಅವಳನ್ನು ಬೆಂಚಿನಲ್ಲೇ ಕೂರಿಸಿಬಿಡಲಿ ಎಂದು ದೇವರಿಗೆ ಕೈಮುಗಿದೆ. ಆಮೇಲೆ ನಾಚಿಕೆಯಾಗಿ, ಹಾಗೆ ಮಾಡಬೇಡ, ಕಡೆಗೆ ಹತ್ತು ನಿಮಿಷವಾದರೂ ಆಡಲಿ ಎಂದು ಬೇಡಿಕೊಂಡೆ. ಅಕ್ಕ ಬಂದಿದ್ದರೆ ಯಾವ ಕಡೆ ನಿಲ್ಲಲಿ ಎನ್ನುವುದಕ್ಕೆ ಮಾತ್ರ ದೇವರ ಹತ್ತಿರ ಏನು ಕೇಳಬೇಕೋ ತೋಚಲಿಲ್ಲ.

ಏರ್‌ಪೋರ್ಟಿನ ಹೊರಗೆ ಟ್ಯಾಕ್ಸಿ ಸಾಲಿನ ಕಡೆ ಹೋಗುತ್ತಿದ್ದಾಗ ಯಾರೋ "ಚಿಕ್ಕಮ್ಮ" ಎಂದು ಕರೆದರು. ತಿರುಗಿ ನೋಡಿದರೆ ಅಕ್ಕನ ಮಗಳು. ವರ್ಷದಲ್ಲಿ ಇನ್ನೂ ಎತ್ತರವಾಗಿದ್ದಳು, ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದಳು. ನನ್ನ ಕೈಯಿಂದ ಬ್ಯಾಗ್ ತೆಗೆದುಕೊಂಡಳು. ನಾನು ಬರುವ ಹೊತ್ತನ್ನು ಮಗಳೇ ಅವಳಿಗೆ ಹೇಳಿದ್ದಳಂತೆ.

"ನಾನು ಬಿಡ್ತೀನಿ ನಿಮ್ಮನ್ನ. ಅಮ್ಮಂಗೆ ಹೇಳಿಲ್ಲ."

ಕಾರು ಹತ್ತಿದೆವು. ಪಾರ್ಕಿಂಗಿನಿಂದ ಆಚೆ ಬರುವ ಮೊದಲೇ ಅವಳು ಕಾರನ್ನು ಒಂದು ಪಕ್ಕಕ್ಕೆ ನಿಲ್ಲಿಸಿದಳು. ಈ ಹುಡುಗಿ ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವವಳು. ಆವತ್ತು ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಹೇಳಿದಳು.

"ಚಿಕ್ಕಮ್ಮ, ಲಾಸ್ಟ್ ಇಯರ್ ನೀವು ಫೋನ್ ಮಾಡ್ದಾಗ ಅಮ್ಮ ಚಪಾತಿ ಮಾಡ್ತಿದ್ರು. ಕೈಯೆಲ್ಲ ಹಿಟ್ಟಿತ್ತು. ಸೋ ಫೋನ್ ಸ್ಪೀಕರ್‌ನಲ್ಲಿತ್ತು. ನಾನು ಅಲ್ಲೇ ಇದ್ದೆ."

ನಾನು ಸೀಟ್‌ಬೆಲ್ಟ್ ಬಿಚ್ಚಿ ಅವಳ ಕಡೆ ತಿರುಗಿದೆ.

"ನಾನು ಬೇಕಂತ ಮಾಡ್ಲಿಲ್ಲ," ಎಂದಳು. "ಬಟ್ ಆಮೇಲೆ ನಾನೂ ವಿಡಿಯೊ ತುಂಬ ಸಲ ನೋಡ್ದೆ. ನೋಡಿ ನೋಡಿ ನಂಗೇ ಡೌಟ್ ಬಂತು. ಈ ವರ್ಷ ನಾನು ಯಾರನ್ನೂ ಸರಿಯಾಗಿ ಟ್ಯಾಕಲ್ ಮಾಡಿಲ್ಲ. ಹತ್ರ ಹೋಗ್ತೀನಿ, ಕೈ ಬಿಟ್ಟುಬಿಡ್ತೀನಿ. ಕೋಚ್ ಕೇಳ್ತಾರೆ, ಏನಾಯ್ತು ನಿಂಗೆ ಅಂತ. ನಾಳೆ ಅವಳು ನನ್ನ ಕಡೆ ಓಡಿ ಬಂದ್ರೆ ಏನ್ ಮಾಡ್ಲಿ?"

ಒಂದು ವರ್ಷ ನಾನು ನನ್ನ ಮಗಳ ಮಂಡಿಯನ್ನು ನೋಡಿಕೊಂಡಿದ್ದೆ. ಅದು ಎಷ್ಟು ಡಿಗ್ರಿ ಮಡಿಸುತ್ತದೆ, ಎಷ್ಟು ಮೆಟ್ಟಿಲು ಹತ್ತುತ್ತದೆ ಎಂದು ದಿನಾ ಬರೆದಿಟ್ಟಿದ್ದೆ. ಈ ಮಗುವಿಗೆ ಏನಾಗಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಹುಟ್ಟಿದ ಐದನೇ ದಿನ ಇವಳಿಗೆ ಎಣ್ಣೆ ನೀರು ಹಾಕಿದವಳು ನಾನು.

"ನಂದು ತಪ್ಪು ಕಂದ," ಎಂದೆ. "ನಂಗೆ ಭಯ ಆಗಿತ್ತು, ಯಾರ ಮೇಲಾದ್ರೂ ಹಾಕ್ಬೇಕಿತ್ತು, ನಿನ್ನ ಮೇಲೆ ಹಾಕ್ದೆ. ನೀನು ಬೇಕಂತ ಮಾಡೋಳಲ್ಲ ಅಂತ ಆಗ್ಲೂ ಗೊತ್ತಿತ್ತು ನಂಗೆ."

ಅವಳು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ನಾನು ಅವಳ ಬೆನ್ನು ಸವರುತ್ತ ಕೂತಿದ್ದೆ. ಹಿಂದೆ ನಿಂತಿದ್ದ ಕಾರಿನವನು ಹಾರ್ನ್ ಹೊಡೆದ. ಅವಳು ಮುಖ ಒರೆಸಿಕೊಂಡು ಗಾಡಿ ಎತ್ತಿದಳು.

ರೂಮಿನ ಮುಂದೆ ಇಳಿಯುವಾಗ, "ನಾಳೆ ಅವಳು ಓಡಿ ಬಂದ್ರೆ ಹಿಡ್ಕೊ," ಎಂದೆ. "ನೀನು ಕೈ ಬಿಟ್ರೆ ಅವಳಿಗೇ ಕೋಪ ಬರುತ್ತೆ." ಅದನ್ನು ಹೇಳಿದವಳು ನಾನೇ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, ಹೇಳಿದ್ದು ಸರಿಯೋ ತಪ್ಪೋ ಎಂದು ಯೋಚನೆ ಶುರುವಾಯಿತು.

ಶನಿವಾರ ಬೆಳಿಗ್ಗೆ ಚಳಿಯಿತ್ತು, ಮಳೆಯಿರಲಿಲ್ಲ. ಹುಲ್ಲು ಒಣಗಿದೆಯೇ ಎಂದು ನಾನು ಬಗ್ಗಿ ಮುಟ್ಟಿ ನೋಡಿದೆ. ಒದ್ದೆಯಿತ್ತು. ಒದ್ದೆಯಿದ್ದರೆ ಪಾದ ಜಾರುತ್ತದೆ, ಸಿಕ್ಕಿಕೊಳ್ಳುವುದಿಲ್ಲ, ಒಳ್ಳೆಯದು ಎಂದುಕೊಂಡೆ. ಜಾರಿದರೂ ಬೀಳುತ್ತಾಳಲ್ಲ ಎಂದು ಆಮೇಲೆ ಹೊಳೆಯಿತು. ಕ್ಲಬ್ಬಿನ ಹುಡುಗರು ಸಾಸೇಜು ಸುಡುತ್ತಿದ್ದರು. ನಾನು ಬ್ರೆಡ್ಡಿನಲ್ಲಿ ಬರೀ ಈರುಳ್ಳಿ ಹಾಕಿಸಿಕೊಂಡು ಬಂದು, ಮೈದಾನದ ಸುತ್ತ ಬಳಿದಿದ್ದ ಬಿಳಿ ಗೆರೆಯಿಂದ ಹತ್ತು ಹೆಜ್ಜೆ ಹಿಂದೆ ನಿಂತೆ. ದೂರದಲ್ಲಿ ಮಗಳು ಬೆಚ್ಚಗಾಗಲು ಓಡುತ್ತಿದ್ದಳು. ಎಡ ಮಂಡಿಗೆ ಕಪ್ಪು ಪಟ್ಟಿ. ಅವಳು ಎಡಗಾಲು ಊರಿದಾಗಲೆಲ್ಲ ನಾನೂ ನನ್ನ ಎಡಗಾಲನ್ನು ಒತ್ತಿ ಊರುತ್ತಿದ್ದೆ.

ಯಾರೋ ಪಕ್ಕದಲ್ಲಿ ಬಂದು ನಿಂತ ಹಾಗಾಯಿತು. ನೋಡದೆಯೇ ಅಕ್ಕ ಎಂದು ಗೊತ್ತಾಯಿತು. ಅವಳು ಉಸಿರು ಬಿಡುವ ರೀತಿ ನನಗೆ ಗೊತ್ತು.

"ಚಳಿಗೆ ಏನೂ ಹಾಕ್ಕೊಂಡಿಲ್ವಲ್ಲೇ," ಎಂದಳು.

"ಇದೆ, ಒಳಗೆ ಸ್ವೆಟರ್ ಇದೆ."

ಆಟ ಶುರುವಾಯಿತು. ಮಗಳು ಬೆಂಚಿನಲ್ಲಿದ್ದಳು. ನಾನು ಎದುರಿಗೆ ನೋಡುತ್ತಲೇ ಹೇಳಿದೆ. "ಅಕ್ಕ, ಆವತ್ತು ನಾನು ಹಾಗೆ ಹೇಳಬಾರದಿತ್ತು."

"ಹೌದು. ಹೇಳಬಾರದಿತ್ತು."

ನಾಲ್ಕು ಕ್ವಾರ್ಟರಿನ ಆಟದ ಮೊದಲ ಕ್ವಾರ್ಟರ್ ಪೂರ್ತಿ ಅವಳು ಇನ್ನೊಂದು ಮಾತಾಡಲಿಲ್ಲ. ಇನ್ನು ಸರಿಹೋಗುವುದಿಲ್ಲ ಎಂದುಕೊಂಡೆ. ಸೈರನ್ ಕೂಗಿದ ಮೇಲೆ ಆಟಗಾರರು ನೀರು ಕುಡಿಯಲು ಹೋದಾಗ ಅವಳು ಬಾಯಿಬಿಟ್ಟಳು.

"ನೀನು ಫೋನ್ ಮಾಡಿದ್ಯಲ್ಲ, ಅದನ್ನ ಇಟ್ಟ ಮೇಲೆ ನಾನೂ ಅವಳನ್ನ ಕೇಳ್ದೆ. ಬೇಕಂತ ಮಾಡ್ದೇನೇ ಅಂತ. ಹೆತ್ತ ತಾಯಿ ನಾನು. ನನ್ನ ಮುಖ ನೋಡ್ಕೊಂಡು ಹಂಗೇ ನಿಂತಿದ್ಲು." ಅಕ್ಕ ಜಾಕೆಟ್ಟಿನ ಜಿಪ್ ಮೇಲಕ್ಕೆಳೆದುಕೊಂಡಳು. "ನಿನ್ನ ಮೇಲೆ ಸಿಟ್ಟು ಮೂರು ದಿನಕ್ಕೆ ಹೋಯ್ತು ಕಣೆ. ಆದ್ರೆ ನಿಂಗೆ ಫೋನ್ ಮಾಡಿದ್ರೆ ಇದನ್ನ ಹೇಳ್ಬೇಕಾಗುತ್ತಲ್ಲ. ಅದಕ್ಕೇ ಮಾಡ್ಲಿಲ್ಲ."

ಹಿಂದಿನ ದಿನ ಕಾರಿನಲ್ಲಿ ಆ ಹುಡುಗಿ ನನ್ನ ಮಾತಿನ ಬಗ್ಗೆ ಹೇಳಿದ್ದಳು, ತಾಯಿಯ ಮಾತಿನ ಬಗ್ಗೆ ಒಂದಕ್ಷರವೂ ಆಡಿರಲಿಲ್ಲ. ನಾನದನ್ನು ಅಕ್ಕನಿಗೆ ಹೇಳಿದೆ. ಅಕ್ಕ ಒರೆಸಲು ಸೆರಗಿಲ್ಲದೆ ಜಾಕೆಟ್ಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈಯಲ್ಲಿ ತಣ್ಣಗಾಗಿದ್ದ ಈರುಳ್ಳಿ ಬ್ರೆಡ್ಡನ್ನು ತೆಗೆದುಕೊಂಡು ಅರ್ಧ ಮುರಿದು ತಿಂದಳು.

ಎರಡನೇ ಕ್ವಾರ್ಟರಿನಲ್ಲಿ ಮಗಳನ್ನು ಮೈದಾನಕ್ಕೆ ಇಳಿಸಿದರು. ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ, ಅವಳು ನಮ್ಮ ಕಡೆ ನೋಡಲಿಲ್ಲ. ಮೊದಲ ಐದು ನಿಮಿಷ ಚೆಂಡು ಅವಳ ಹತ್ತಿರ ಬರಲೇ ಇಲ್ಲ. ಆಮೇಲೆ ಬಂತು. ಅವಳು ಅದನ್ನು ಎದೆಗೆ ಹಿಡಿದು ಓಡತೊಡಗಿದಳು. ಎದುರಿನಿಂದ ಅಕ್ಕನ ಮಗಳು ಬರುತ್ತಿದ್ದಳು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಅಕ್ಕನ ಮಗಳು ಹತ್ತಿರ ಬಂದವಳು ನಿಧಾನ ಮಾಡಿದಳು, ಕೈ ಚಾಚಿದವಳು ಬಿಟ್ಟುಬಿಟ್ಟಳು. ಮಗಳು ಪಕ್ಕದಿಂದ ಹಾದುಹೋಗಿ ಚೆಂಡನ್ನು ಗೆಳತಿಗೆ ಕೊಟ್ಟಳು. ಅದು ಗೋಲಾಯಿತು. ನಮ್ಮ ಕಡೆಯವರೆಲ್ಲ ಕುಣಿದರು. ಮಗಳು ಮಾತ್ರ ನೇರ ಹಿಂದಕ್ಕೆ ಓಡಿ ಹೋಗಿ ಅಕ್ಕನ ಮಗಳ ಮುಂದೆ ನಿಂತು ಬೈಯತೊಡಗಿದಳು. ಗಾಳಿಯಲ್ಲಿ ನಮಗೂ ಕೇಳಿಸಿತು.

"ಡೋಂಟ್ ಯು ಡೇರ್ ಗೋ ಈಸಿ ಆನ್ ಮಿ. ಹಿಡ್ಕೊಳೆ ನನ್ನ!"

ಮಗಳ ಬಾಯಲ್ಲಿ ಕನ್ನಡ ಅಷ್ಟು ಜೋರಾಗಿ ನಾನು ಕೇಳಿರಲೇ ಇಲ್ಲ.

ಮುಂದಿನ ಸಲ ಅಕ್ಕನ ಮಗಳು ಹಿಡಿದಳು. ಮೂರನೇ ಕ್ವಾರ್ಟರಿನ ನಡುವೆ, ನಾವು ನಿಂತಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಸೊಂಟಕ್ಕೆ ಎರಡೂ ಕೈ ಹಾಕಿ, ಸರಿಯಾಗಿ. ಇಬ್ಬರೂ ಒಟ್ಟಿಗೆ ಬಿದ್ದರು. ಕೆಳಗೆ ಯಾರು, ಮೇಲೆ ಯಾರು ಎಂದು ಕಾಣಲಿಲ್ಲ. ನಾನು ಕಣ್ಣು ಮುಚ್ಚಲಿಲ್ಲ. ಅಕ್ಕ ಮುಚ್ಚಿಕೊಂಡು, "ಎದ್ರಾ? ಎದ್ರಾ?" ಎಂದು ಕೇಳುತ್ತಿದ್ದಳು.

"ಎದ್ರು," ಎಂದೆ. ಮೊದಲು ಅಕ್ಕನ ಮಗಳು ಎದ್ದಳು, ಕೈಕೊಟ್ಟು ಇನ್ನೊಬ್ಬಳನ್ನು ಎಬ್ಬಿಸಿದಳು. ಮಗಳು ಕಾಲನ್ನು ಎರಡು ಸಲ ಝಾಡಿಸಿ ಓಡಿಹೋದಳು.

ನಾವು ನಾಲ್ಕು ಪಾಯಿಂಟಿನಿಂದ ಸೋತೆವು. ಕೊನೆಗೆ ಮಗಳಿಗೇ ಒಂದು ಅವಕಾಶ ಸಿಕ್ಕಿತ್ತು. ಕಂಬಗಳ ಮುಂದೆ, ಓರೆಯಲ್ಲಿ. ಅವಳು ಒದ್ದ ಚೆಂಡು ಗಿಡ್ಡ ಕಂಬದ ಕಡೆಗೆ ಹೋಗಿ ಒಂದೇ ಪಾಯಿಂಟ್ ಬಂತು. ಆಟ ಮುಗಿದ ಮೇಲೆ ಅವಳು ಮಂಡಿಗೆ ಐಸ್ ಕಟ್ಟಿಕೊಂಡು ಹುಲ್ಲಿನ ಮೇಲೆ ಕೂತು, ಗೆದ್ದವರು ವೃತ್ತವಾಗಿ ನಿಂತು ಹಾಡುವುದನ್ನು ನೋಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಐಸ್ ಯಾಕೆ ಎಂದು ಕೇಳುವ ಮೊದಲೇ, "ಸುಮ್ನೆ. ಫಿಸಿಯೋ ಹೇಳಿದಾರೆ. ನಥಿಂಗ್ ರಾಂಗ್," ಎಂದಳು.

ರೂಮ್ ಖಾಲಿ ಮಾಡಿಸಿ ಅಕ್ಕ ನನ್ನನ್ನೂ ಮಗಳನ್ನೂ ವಿಂಡಮ್ ವೇಲ್‌ಗೆ ಕರೆದುಕೊಂಡು ಹೊರಟಳು. ನಾನು ಮುಂದೆ ಕೂತೆ, ಹುಡುಗಿಯರು ಹಿಂದೆ. ಗೆದ್ದವಳು ಬೂಟಿನ ಮಣ್ಣು ಕೆರೆಯುತ್ತಿದ್ದಳು. ಸೋತವಳು ಕಿಟಕಿಯಾಚೆ ನೋಡುತ್ತಿದ್ದಳು. ಹೈವೇ ಹತ್ತಿದ ಮೇಲೆ ಮಗಳು ಕೇಳಿದಳು, "ಅಮ್ಮ, ಆ ಲಾಸ್ಟ್ ಕಿಕ್. ನೀನು ನೋಡಿದ್ಯಾ?"

ಪರವಾಗಿಲ್ಲ ಪುಟ್ಟ, ಚೆನ್ನಾಗಿ ಆಡಿದೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅದರ ಬದಲು ನನಗೆ ನಿಜವಾಗಿ ಅನ್ನಿಸಿದ್ದನ್ನೇ ಹೇಳಿದೆ.

"ಎಡಗಾಲಲ್ಲಿ ಹೊಡೀಬೇಕಿತ್ತು. ಆ ಕೋನಕ್ಕೆ ಬಲಗಾಲು ತಿರುಗಲ್ಲ."

ಹಿಂದಿನ ಸೀಟಿನಲ್ಲಿ ಅಕ್ಕನ ಮಗಳು ಜೋರಾಗಿ ನಕ್ಕಳು. ಮಗಳು ಸೀಟ್‌ಬೆಲ್ಟ್ ಎಳೆದುಕೊಂಡು ಮುಂದಕ್ಕೆ ಬಾಗಿ, ಎಡಗಾಲು ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ಗಾಳಿ ಆ ಕಡೆಯಿಂದ ಇತ್ತು, ನಿನಗೇನು ಗೊತ್ತು ಎಂದು ಇಂಗ್ಲಿಷಿನಲ್ಲಿ ವಾದಕ್ಕಿಳಿದಳು. ಗಾಳಿ ಮೊದಲರ್ಧದಲ್ಲಿ ಮಾತ್ರ ಆ ಕಡೆಯಿಂದ ಇತ್ತು ಎಂದು ನಾನೂ ಬಿಡಲಿಲ್ಲ. ಗಾಡಿ ಓಡಿಸುತ್ತಿದ್ದ ಅಕ್ಕ ನಡುವೆ ಬಾಯಿ ಹಾಕಿ, ಯಾವ ಕಾಲಲ್ಲಿ ಒದ್ದರೇನು, ಚೆಂಡು ಹೋಯಿತಲ್ಲ ಎಂದಳು. ಮೂವರೂ ಒಟ್ಟಿಗೆ ಅವಳಿಗೆ ಆಟ ವಿವರಿಸಲು ಶುರು ಮಾಡಿದೆವು.